ಯಾರೂ ಮುಟ್ಟದ ತಟ್ಟೆ

ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಗಾಜು ತೊಳೆದವಳನ್ನು ಎಲ್ಲರೂ ಬಾಟಲಮ್ಮ ಅಂತಲೇ ಕರೆಯುತ್ತಿದ್ದರು. ಸೂಕ್ಷ್ಮಜೀವಿ ಬೆಳೆಸುವ ಲೋಳೆಯನ್ನು ಹಬೆಪಾತ್ರೆಯಲ್ಲಿ ಬೇಯಿಸಿ, ಅಂಗೈಯಗಲದ ಮುಚ್ಚಳದ ತಟ್ಟೆಗಳಿಗೆ ಹುಯ್ಯುವುದೂ ಅವಳ ಕೆಲಸವೇ.

ವರ್ಷಕ್ಕೊಮ್ಮೆ ಊರವರನ್ನು ಒಳಗೆ ಬಿಟ್ಟು ಎಲ್ಲವನ್ನೂ ತೋರಿಸುತ್ತಿದ್ದರು. ಬಂದವರು ಲೋಳೆಗೆ ಬೆರಳೊತ್ತಿ ಹೋಗಿ, ಏನು ಬೆಳೆದಿದೆಯೆಂದು ಮೂರನೆಯ ದಿನ ನೋಡಲು ಬರುತ್ತಿದ್ದರು. ಓದಿದ ಹುಡುಗಿಯರು ವಿವರಿಸಿದರೆ ಜನ ಆಕಳಿಸುವರು. ಒಂದು ಸಲ ಬಾಟಲಮ್ಮ ಪಕ್ಕದಿಂದ ಬಾಯಿ ಹಾಕಿದಳು.

"ಇದು ಅವುಗಳ ಊಟ ಕಣ್ರೀ. ನಿಮ್ಮ ಬೆರಳಿಂದ ಒಂದು ಇಳಿದು ಕೂತ್ಕೊಂಡು ತಿನ್ನತ್ತೆ, ಎರಡಾಗತ್ತೆ, ಎರಡು ನಾಲ್ಕಾಗತ್ತೆ. ಮೂರು ದಿನಕ್ಕೆ ಒಂದೊಂದು ಚುಕ್ಕೆನೂ ಒಂದೊಂದು ಸಂಸಾರ. ಬಾಡಿಗೆ ಮಾತ್ರ ಕೊಡಲ್ಲ."

ಜನ ನಕ್ಕರು, ಅರ್ಥವೂ ಆಯಿತು. ಇನ್ನು ಜನರಿಗೆ ವಿವರಿಸುವ ಆ ಮೇಜು ನಿಂದೇ ಎಂದರು ಪ್ರಯೋಗಾಲಯ ನಡೆಸುವ ಮೇಡಂ. ಬಾಟಲಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮರುವರ್ಷ ಜನ ಹೆಚ್ಚಾಗಿ ತಟ್ಟೆ ಸಾಲಲಿಲ್ಲ. ಅವಸರದಲ್ಲಿ ಇನ್ನೊಂದು ಪುಟ್ಟ ಸೀಸೆ ಲೋಳೆ ಹಬೆಗಿಟ್ಟು, ಬೇಯುವ ಹೊತ್ತು ತುಂಬುವ ಮೊದಲೇ ಇಳಿಸಿದಳು. ಅದರಲ್ಲಿ ಎರಡು ತಟ್ಟೆಯಾಯಿತು. ಒಂದಕ್ಕೆ ಬೆರಳೊತ್ತಿದವಳು ಅವಳ ಹಿರಿಯ ಓರಗಿತ್ತಿ, ಮಕ್ಕಳ ಶಾಲೆಯ ಅಡುಗೆಯವಳು. ಇನ್ನೊಂದನ್ನು ಯಾರೂ ಮುಟ್ಟದ ಹಾಗೆ ಎತ್ತಿಡಲು ಮೇಡಂ ಹೇಳಿದರು. ಹಾಗೊಂದನ್ನು ಎತ್ತಿಡುವುದು ಅಲ್ಲಿಯ ವಾಡಿಕೆ. ಯಾಕೆಂದು ಬಾಟಲಮ್ಮ ಎಂದೂ ಕೇಳಿರಲಿಲ್ಲ.

ಮೂರನೆಯ ದಿನ ಜನ ಬರುವ ಮೊದಲು ನೋಡಿದರೆ, ಮುಟ್ಟದ ತಟ್ಟೆಯ ತುಂಬ ಹಳದಿ ಚುಕ್ಕೆ. ಬೇಯಿಸಿದ್ದು ಸಾಲದೆ ಲೋಳೆಯಲ್ಲೇ ಜೀವಿ ಉಳಿದಿತ್ತು ಎಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಮೇಡಂ ಕಣ್ಣಿಗೆ ಬಿದ್ದರೆ ಮೇಜು ಹೋದಂತೆಯೇ. ತಟ್ಟೆಯನ್ನು ಕಸದ ಜೊತೆ ಹಬೆಗೆ ಹಾಕಿ ಬೇಯಿಸಿ ಎಸೆದು, ಕೈಜಾರಿ ಒಡೆಯಿತು ಎಂದು ಮೇಡಂಗೆ ಹೇಳಿದಳು.

ಓರಗಿತ್ತಿಯ ತಟ್ಟೆಯಲ್ಲೂ ಅದೇ ಹಳದಿ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಸುತ್ತ ಜನ ಕಿವಿ ತೆರೆದು ನಿಂತಿದ್ದರು. ಮದುವೆಯಾಗಿ ಬಂದಾಗಿನಿಂದ ದೊಡ್ಡವಳ ಅಡುಗೆಯ ಹೊಗಳಿಕೆ ಕೇಳಿ ಬಾಟಲಮ್ಮನ ಕಿವಿಯೂ ತುಂಬಿತ್ತು.

"ಅಕ್ಕಾ, ನಿನ್ನ ಕೈರುಚಿ ಎಲ್ಲಿಂದ ಬರತ್ತೆ ಅಂತ ಇವತ್ತು ಗೊತ್ತಾಯ್ತು ನೋಡು."

ಕೋಣೆಯೆಲ್ಲ ನಕ್ಕಿತು. ಶಾಲೆಯ ಮಕ್ಕಳ ಇಬ್ಬರು ತಾಯಂದಿರು ಮಾತ್ರ ನಗಲಿಲ್ಲ.

ವಾರದೊಳಗೆ ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದರು. ಶಾಲೆಯವರು ದೊಡ್ಡವಳ ಕೈಯಿಂದ ಸೌಟು ಕಸಿದು ಪೊರಕೆ ಕೊಟ್ಟರು. ಇಬ್ಬರ ಮನೆಗೂ ಒಂದೇ ಗೋಡೆ. ಆಚೆ ಕಡೆ ಹೊತ್ತಿಲ್ಲದ ಹೊತ್ತಲ್ಲಿ ನಲ್ಲಿ ಸುರಿಯುವ ಸದ್ದು ಕೇಳಿಸುತ್ತಿತ್ತು. ಒಂದು ಬೆಳಿಗ್ಗೆ ದೊಡ್ಡವಳೇ ಬಾಗಿಲಿಗೆ ಬಂದು ಕೈ ಮುಂದೆ ಚಾಚಿದಳು. ಉಜ್ಜಿ ಉಜ್ಜಿ ಗೆಣ್ಣುಗಳು ಒಡೆದು ರಕ್ತ ಜಿನುಗುತ್ತಿತ್ತು.

"ಈಗ ಇನ್ನೊಂದ್ಸಲ ಒತ್ತಿ ನೋಡ್ಲೇನೇ?"

ಬಾಟಲಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅರೆಬೆಂದ ಸೀಸೆಯಿಂದ ಹಿಡಿದು ಒಡೆಯದ ತಟ್ಟೆಯವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ದೊಡ್ಡವಳು ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.

"ನನಗ್ಯಾಕೆ ಹೇಳ್ತೀಯ? ನಗ್ಸಿದ್ದು ಅವರನ್ನ. ಅವರಿಗೆ ಹೇಳು."

ಮೊದಲು ಮೇಡಂಗೆ ಹೇಳಿದಳು. ಅವರು ಬೈಯಲಿಲ್ಲ. ಬೆಳೆದದ್ದು ಬೆರಳಿನದೋ ನಮ್ಮ ತಪ್ಪಿನದೋ ಎಂದು ಹೇಳಬಲ್ಲದ್ದು ಆ ಮುಟ್ಟದ ತಟ್ಟೆಯೊಂದೇ, ನಾವು ಸುಳ್ಳು ಹೇಳದಿರಲಿ ಅಂತಲೇ ಅದನ್ನು ಇಡುವುದು ಎಂದಷ್ಟೇ ಅಂದರು. ಬೈದಿದ್ದರೇ ವಾಸಿಯಿತ್ತು.

ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ತಾಯಂದಿರನ್ನು ಕೂಗಿದಳು. ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ, ಮಾತಷ್ಟೇ. ಹಿಂದಿನ ಒಂದು ಹಾಸ್ಯವೂ ನೆನಪಿಗೆ ಬರಲಿಲ್ಲ. ಎಲ್ಲ ಕೇಳಿಯಾದ ಮೇಲೆ ಒಬ್ಬ ತಾಯಿ, "ಹಾಗಾದ್ರೆ ಆಕೆ ಕೈ ಚೊಕ್ಕಟ ಇತ್ತು ಅಂತೀರಾ?" ಎಂದಳು.

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು.

"ಆ ತಟ್ಟೆ ನೋಡಿ ಯಾರ ಕೈ ಬಗ್ಗೇನೂ ಹೇಳಕ್ಕಾಗಲ್ಲ. ಕೆಟ್ಟಿದ್ದು ನನ್ನ ಕೆಲಸ. ಚುಕ್ಕೆ ನಿಮ್ಮ ಬೆರಳಲ್ಲೂ ಬರತ್ತೆ, ನನ್ನ ಬೆರಳಲ್ಲೂ ಬರತ್ತೆ. ಅಷ್ಟಕ್ಕೇ ಯಾರೂ ಕೊಳಕರಾಗಲ್ಲ. ಅವತ್ತೇ ಹೇಳ್ಬೇಕಿತ್ತು, ಹೇಳ್ಲಿಲ್ಲ."

ಕೆಲವರು ತಲೆಯಾಡಿಸಿದರು, ಕೆಲವರು ಮಾತಿನ ನಡುವೆಯೇ ಮಕ್ಕಳ ಕೈ ಹಿಡಿದು ಹೊರಟರು. ಗೇಟಿನೊಳಗೆ ಪೊರಕೆ ಹಿಡಿದು ನಿಂತಿದ್ದ ದೊಡ್ಡವಳು ಎಲ್ಲವನ್ನೂ ಕೇಳಿಸಿಕೊಂಡಳು. ಬಾಟಲಮ್ಮನಿಗೆ ಮುಖ ಎತ್ತಲಾಗಲಿಲ್ಲ.

"ಇವತ್ತು ಅರ್ಧ ಜನ ಬಂದಿಲ್ಲ," ಎಂದಳು ದೊಡ್ಡವಳು. "ನಾಳೆನೂ ಬಂದು ಹೇಳು."

ಬಾಟಲಮ್ಮ ನೆಲ ನೋಡುತ್ತಲೇ ಹೂಂ ಎಂದಳು.