ಹೊರಬೀಡಿನ ಕೋಳಿ

ನಾನು ಚಿಕ್ಕವಳಿದ್ದಾಗ, ವರ್ಷಕ್ಕೊಂದು ದಿನ ನಮ್ಮಲ್ಲಿ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿಕೊಂಡು ಹೊರಗೆ ಹೋಗುತ್ತಿತ್ತು. ಕಳ್ಳರಿಗೆ ಒಳ್ಳೆಯ ಹಬ್ಬ ಎಂದು ನಗಬೇಡಿ, ಪೂರ್ತಿ ಕೇಳಿ. ಜಗಳೂರು ಕಡೆಯ ನಮ್ಮ ಹಳ್ಳಿಯಲ್ಲಿ ಇದಕ್ಕೆ ಹೊರಬೀಡು ಎನ್ನುತ್ತಿದ್ದರು. ಹೊತ್ತು ಹುಟ್ಟುವುದರೊಳಗೆ ಒಲೆ ಆರಿಸಿ, ಕಸ ಗುಡಿಸಿ, ದನ, ಕರು, ನಾಯಿ, ಕೋಳಿ, ತೊಟ್ಟಿಲ ಕೂಸು ಎಲ್ಲವನ್ನೂ ಕರೆದುಕೊಂಡು ಊರಾಚೆಯ ಹುಣಸೆ ತೋಪಿಗೆ ಹೋಗಬೇಕು. ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ಆಟ. ಹೊತ್ತು ಮುಳುಗಿದ ಮೇಲೆ ವಾಪಸು. ಅಲ್ಲಿಯವರೆಗೆ ಊರೊಳಗೆ ಹೋಗುವ ದಾರಿಗೆ ಜಾಲಿ ಮುಳ್ಳು ಹಚ್ಚಿರುತ್ತಿದ್ದರು. ಒಳಗೆ ಒಂದು ಜೀವ ಉಳಿದರೂ, ನಡುವೆ ಒಂದು ಜೀವ ವಾಪಸು ಹೋದರೂ ಊರಿಗೆ ಕೇಡು ಎಂದು ಹಿರಿಯರು ನಂಬಿದ್ದರು.

ನಾನು ಹೇಳುತ್ತಿರುವ ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಆ ಸಂಭ್ರಮ ಇರಲಿಲ್ಲ. ಹಿಂದಿನ ದೀಪಾವಳಿಯಲ್ಲಿ ವಡೆ ಕರಿಯುವಾಗ ಬಾಣಲೆ ಮಗುಚಿ, ಕಾದ ಎಣ್ಣೆ ಸಿಡಿದು, ನನ್ನ ಅಕ್ಕನ ಬಲಗೆನ್ನೆ ಕುತ್ತಿಗೆಯವರೆಗೆ ಸುಟ್ಟಿತ್ತು. ಗಾಯ ಮಾಗಿತು, ಕಲೆ ಉಳಿಯಿತು. ಬೋರಿಂಗಿನ ಹತ್ತಿರ ಕೊಡ ಇಟ್ಟುಕೊಂಡು ಓಣಿಗೆಲ್ಲ ಕೇಳುವಂತೆ ನಗುತ್ತಿದ್ದವಳು ಹೊಸ್ತಿಲು ದಾಟುವುದನ್ನೇ ಬಿಟ್ಟಳು. ನೋಡಲು ಬಂದ ಹೆಂಗಸರು "ಅಯ್ಯೋ ಪಾಪ, ಎಂಥಾ ಲಕ್ಷಣದ ಮುಖ" ಎಂದು ಲೊಚಗುಟ್ಟಿ ಹೋದ ಮೇಲಂತೂ ಅಡುಗೆಮನೆಯ ಮೂಲೆಯೇ ಅವಳ ಊರಾಯಿತು. ಅವಳ ಪಕ್ಕದಲ್ಲೇ ಮಲಗುತ್ತಿದ್ದ ನನಗೆ, ಅವಳ ನಿದ್ದೆಯಲ್ಲೂ ಸೆರಗು ಕೆನ್ನೆಯ ಮೇಲೆಯೇ ಇರುವುದು ಕಾಣುತ್ತಿತ್ತು. ನನಗೆ ನನ್ನ ಹಳೆಯ ಅಕ್ಕ ಬೇಕಾಗಿದ್ದಳು.

ಆ ಬೆಳಿಗ್ಗೆ ಅವ್ವ ಗಂಟುಮೂಟೆ ಕಟ್ಟಿಯಾಗಿತ್ತು. ಆರಿದ ಒಲೆಯ ಬೂದಿ ವಾಸನೆ ಮನೆ ತುಂಬ ಇತ್ತು. ಅಕ್ಕ ಮಾತ್ರ ಮೂಲೆ ಬಿಟ್ಟು ಏಳಲಿಲ್ಲ.

"ನಾನು ಬರಲ್ಲ. ಹೊರಗಿಂದ ಬೀಗ ಹಾಕ್ಕೊಂಡು ಹೋಗ್ರಿ. ಯಾರಿಗೂ ಗೊತ್ತಾಗಲ್ಲ" ಎಂದಳು.

ಅವ್ವ ಅತ್ತಳು. ಅಪ್ಪ ಜೋರು ಮಾಡುವವರಲ್ಲ. ಕೈಯಲ್ಲಿ ಬೀಗ ಹಿಡಿದುಕೊಂಡು, ಮಗಳ ಮಾತು ನಡೆಸಬೇಕೋ ಊರಿನ ಮಾತು ನಡೆಸಬೇಕೋ ತಿಳಿಯದೆ ಬಾಗಿಲಲ್ಲಿ ನಿಂತುಬಿಟ್ಟರು. ಬೀಗ ಹಾಕಿಯೇಬಿಡುತ್ತಾರೆ ಎಂದು ನನಗೆ ಹೆದರಿಕೆ.

ಅಷ್ಟರಲ್ಲಿ ಪಕ್ಕದ ಮನೆಯ ದೊಡ್ಡವ್ವ ಕೋಳಿ ಬುಟ್ಟಿ ಎತ್ತಿಕೊಂಡು ಒಳಗೇ ನುಗ್ಗಿದಳು. ಅವಳ ಬಾಯಿಗೆ ಇಡೀ ಓಣಿ ಹೆದರುತ್ತಿತ್ತು.

"ಏನೇ, ಇನ್ನೂ ಕುಂತೇ ಇದೀಯಾ? ಈ ಬುಟ್ಟಿ ಹೊರಾಕೆ ನನ್ನ ಸೊಂಟಕ್ಕೆ ಆಗಲ್ಲ. ಏಳು, ಹೊತ್ತು ಹುಟ್ಟಾಕೆ ಬಂತು!"

ಅಕ್ಕ ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿ, ತಲೆಯ ಮೇಲೆ ಬುಟ್ಟಿ ಇಟ್ಟೇಬಿಟ್ಟಳು. ಒಳಗೆ ಕೋಳಿಗಳು ಕೊರ್ರ್ ಎಂದು ಹೊರಳಾಡಿದವು. ಬುಟ್ಟಿ ಬೀಳದಿರಲು ಅಕ್ಕ ಎರಡೂ ಕೈ ಮೇಲೆತ್ತಿ ಹಿಡಿಯಬೇಕಾಯಿತು. ಸೆರಗು ಎಳೆದುಕೊಳ್ಳಲು ಕೈ ಎಲ್ಲಿ ಉಳಿಯಿತು?

ಹಾಗೆಯೇ ಹೊರಟೆವು. ಬಂಡಿಗಳ ಕಿರುಗುಟ್ಟು, ಕುರಿಗಳ ಧೂಳು, ಮಕ್ಕಳ ಗಲಾಟೆ. ಬೆಳಕು ಹರಿಯುತ್ತಿತ್ತು. ಅಕ್ಕನ ಕಡೆ ಯಾರಾದರೂ ಕತ್ತು ತಿರುಗಿಸಿದರೆ ನನಗೆ ಅವರ ಕಾಲು ತುಳಿಯಬೇಕು ಅನ್ನಿಸುತ್ತಿತ್ತು. ಒಬ್ಬಿಬ್ಬರ ಕಾಲು ತುಳಿದೆ ಕೂಡ.

ತೋಪು ಸೇರಿ, ಹಿಂದೆ ಊರ ದಾರಿಗೆ ಮುಳ್ಳು ಹಚ್ಚಿದ್ದೂ ಆಯಿತು. ಅಕ್ಕ ಬುಟ್ಟಿ ಇಳಿಸುವಾಗ ಮುಚ್ಚಳ ಸರಿಯಿತು ನೋಡಿ, ಕೆಂಪು ಹುಂಜವೊಂದು ಪುರ್ರೆಂದು ಹಾರಿ ನೇರ ಊರ ಕಡೆಗೇ ಓಡಿತು.

"ಹಿಡೀರೋ! ಊರೊಳಗೆ ಹೊಕ್ಕರೆ ಕೆಟ್ಟಿತು!" ಎಂದು ಎಲ್ಲರೂ ಕೂಗಿದರು. ದೊಡ್ಡವ್ವ ಅಕ್ಕನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಏನ್ ನೋಡ್ತಾ ನಿಂತಿ? ಬಿಟ್ಟೋಳು ನೀನು, ಹಿಡಿಯಾಕೆ ನಾನು ಹೋಗ್ಲೇನು?" ಎಂದಳು.

ಅಕ್ಕ ಸೀರೆ ಎತ್ತಿ ಕಟ್ಟಿ ಓಡಿದಳು. ಹಿಂದೆ ನಾವು ಮಕ್ಕಳ ದಂಡು. ಹುಂಜ ಬದು ಹಾರಿತು, ಬಂಡಿಯ ಕೆಳಗೆ ನುಸುಳಿತು, ಮುಳ್ಳಿನ ಸಂದಿಗೆ ತಲೆ ತೂರಿಸಿಯೇಬಿಟ್ಟಿತು. ಆಗ ಅಕ್ಕ ಧೊಪ್ಪೆಂದು ಬಿದ್ದು ಅದರ ಕಾಲು ಹಿಡಿದಳು. ಎದ್ದು ನಿಂತಾಗ ಕೂದಲು ಬಿಚ್ಚಿತ್ತು, ಮೈಯೆಲ್ಲ ಮಣ್ಣು, ಸೆರಗು ಎಲ್ಲೋ, ಕೆನ್ನೆಯ ಮೇಲೆ ಎಳೆ ಬಿಸಿಲು. ಇಡೀ ಊರು ಅವಳನ್ನೇ ನೋಡುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಹುಂಜವನ್ನು ಎತ್ತಿ ಹಿಡಿದು ನಕ್ಕಳು. ಬೋರಿಂಗಿನ ಹತ್ತಿರ ನಗುತ್ತಿದ್ದಳಲ್ಲ, ಅದೇ ನಗು. ನಾನು ಯಾಕೋ ಜೋರಾಗಿ ಅತ್ತುಬಿಟ್ಟೆ.

ಆಮೇಲೆ ದೊಡ್ಡವ್ವ ಅವಳನ್ನು ಕೂರಲು ಬಿಡಲಿಲ್ಲ. "ಕಣಕ ಗಟ್ಟಿ ಆತು, ಹೂರ್ಣ ನುಣ್ಣಗಿಲ್ಲ" ಎಂದು ಬೈದುಕೊಂಡೇ ಹೋಳಿಗೆ ಮಾಡಿಸಿದಳು. ಅಕ್ಕನೂ ಸುಮ್ಮನಿರದೆ ಎದುರು ಮಾತಾಡಿದಳು. ತೋಪಿನಲ್ಲಿ ಮನೆಗಳ ಗೋಡೆ ಇರಲಿಲ್ಲವಲ್ಲ, ಯಾರ ಒಲೆಯ ಸಾರು ಯಾರ ಎಲೆಗೆ ಬಿತ್ತೋ ಲೆಕ್ಕವೇ ಇಲ್ಲ. ಮಾರನೆಯ ದಿನ ಅಕ್ಕ ತಾನಾಗಿಯೇ ಕೊಡ ಎತ್ತಿಕೊಂಡು ನೀರಿಗೆ ಹೋದಳು. ಆ ಮುಚ್ಚಳವನ್ನು ದೊಡ್ಡವ್ವ ಬೇಕೆಂದೇ ಸಡಿಲ ಬಿಟ್ಟಿದ್ದಳೇ ಎಂದು ಅವ್ವ ಎಷ್ಟೋ ಸಲ ಕೇಳಿದಳು. ದೊಡ್ಡವ್ವ ಒಪ್ಪಲಿಲ್ಲ. ಅವಳನ್ನು ನೆನೆದಾಗಲೆಲ್ಲ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ನಿಮ್ಮ ಬಡಾವಣೆ ಚೆನ್ನಾಗಿದೆ ಮಕ್ಕಳೇ. ನಲ್ಲಿ ಮನೆಯೊಳಗೇ ಇದೆ, ಸುಟ್ಟ ಗಾಯಕ್ಕೆ ಒಳ್ಳೊಳ್ಳೆ ಡಾಕ್ಟರಿದ್ದಾರೆ. ಆದರೆ ಬೆಲ್ ಒತ್ತಿ, ಬಾಗಿಲು ತೆಗೆಯದಿದ್ದರೆ ಜನ ಹಾಗೇ ಹೊರಟು ಹೋಗುತ್ತಾರೆ. ನಮ್ಮ ಕಾಲದಲ್ಲಿ ಅಷ್ಟು ಮರ್ಯಾದೆ ಇರಲಿಲ್ಲ, ಅದೇ ನಮ್ಮ ಪುಣ್ಯ.

ನೀವು ರಜೆಗೆ ಊರಿಗೆ ಹೋದರೆ "ಕಾಲು ತೊಳ್ಕಂಡು ಬರ್ರೋ" ಎಂದು ಗೇಟಿನಿಂದಲೇ ಗದರುವ, ಓಣಿಯ ಮಕ್ಕಳನ್ನೆಲ್ಲ ಕೂಡಿಸಿಕೊಂಡು ನಗುವ ದೊಡ್ಡಜ್ಜಿ ಇದ್ದಾಳಲ್ಲ, ಅವಳೇ ನನ್ನ ಅಕ್ಕ. ಮೊನ್ನೆ ನಾನು ಅವಳ ಕೆನ್ನೆಯ ಕಲೆಯ ಮಾತು ತೆಗೆದಾಗ ನೀವಿಬ್ಬರೂ ಮುಖ ಮುಖ ನೋಡಿಕೊಂಡು ಕೇಳಿದಿರಿ: "ಯಾವ ಕಲೆ ಅಜ್ಜಿ?"