ಸಂಜೆ ಆರರ ಬೆಕ್ಕು

ಇಷ್ಟು ವರ್ಷಗಳ ಪತ್ರಿಕಾ ಕೆಲಸದಲ್ಲಿ ನಾನು ಬರೆದ ಅತ್ಯಂತ ಕೆಟ್ಟ ವರದಿ ಯಾವುದೆಂದು ಕೇಳಿದರೆ ಯೋಚಿಸಬೇಕಾದ್ದೇ ಇಲ್ಲ. ಅದು ನಮ್ಮ ಮನೆಯ ಬೆಕ್ಕು ಚಿನ್ನಿಯ ಕುರಿತದ್ದು. ಪುಣ್ಯಕ್ಕೆ ಅಚ್ಚಾಗಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೂಡಿಗೆರೆಯ ತಾಲ್ಲೂಕು ವರದಿಗಾರ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ, ಸಂಜೆ ಐದೂವರೆಯ ಬಸ್ಸಿನ ಕಂಡಕ್ಟರ್ ಕೈಗೆ ಚಿಕ್ಕಮಗಳೂರಿನ ಕಚೇರಿಗೆ ಹೋಗಬೇಕಾದ ಸುದ್ದಿಯ ಕವರ್ ಕೊಟ್ಟು, ಆರಕ್ಕೆ ಮನೆ ಸೇರುತ್ತಿದ್ದೆ. ಹೆಂಡತಿ ಸುಮಿತ್ರಾ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಅರ್ಧ ರವಿಕೆಗಳನ್ನು ಹೊಲಿಯುತ್ತಿದ್ದಳು. ಚಿನ್ನಿ ಅವಳ ಬೆಕ್ಕು. ನಾನು ಅದಕ್ಕೆ ಬರೀ ಪರಿಚಯದವನು.

ಆ ಪರಿಚಯವೂ ಹದಗೆಟ್ಟಿತು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಚಿನ್ನಿ ಬಾಲ ಉಬ್ಬಿಸಿಕೊಂಡು ಅಡುಗೆಮನೆಗೆ ಓಡಿ, ಪರದೆ ಹತ್ತಿ, ಇಳಿದು, ನೇರ ಬಂದು ನನ್ನ ಹಿಮ್ಮಡಿ ಕಚ್ಚುತ್ತಿತ್ತು. ಆ ದಿನಗಳಲ್ಲೇ ನಾನು ಹಾರ್ಮೋನುಗಳ ಬಗ್ಗೆ ಒಂದು ಲೇಖನವನ್ನು ಅರ್ಧ ಓದಿದ್ದೆ. ಪೂರ್ತಿ ಓದಿದ್ದರೆ ಸಂಶಯ ಬರುತ್ತಿತ್ತೇನೋ. ಅರ್ಧ ಓದಿದ್ದರಿಂದ ಧೈರ್ಯ ಬಂತು. ಇದು ಹಾರ್ಮೋನಿನ ಏರುಪೇರೇ ಎಂದು ತೀರ್ಮಾನಿಸಿ, ಒಂದು ವಾರ ಗಡಿಯಾರ ನೋಡಿ ಹಾಳೆಯೊಂದರಲ್ಲಿ ದಾಖಲಿಸಿದೆ: ‘6.10: ಪರದೆ. 6.14: ಎಡ ಹಿಮ್ಮಡಿ. 6.20: ಶಾಂತ, ಆದರೆ ನಂಬುವಂತಿಲ್ಲ.’ ಗೋಣಿಬೀಡಿನ ಕಾಫಿ ವ್ಯಾಪಾರಿ ಖಾದರ್ ಸಾಹೇಬರಿಗೆ ಗೋದಾಮಿನ ಇಲಿ ಹಿಡಿಯಲು ಬೆಕ್ಕು ಬೇಕಿತ್ತು. ಚಿನ್ನಿಯನ್ನು ಒಯ್ಯಲು ಅವರು ಭಾನುವಾರ ಜೀಪು ಕಳಿಸುವುದೆಂದು ಮಾತಾಯಿತು.

ಸುಮಿತ್ರಾ ಜಗಳವಾಡಲಿಲ್ಲ. ಯಂತ್ರ ನಿಲ್ಲಿಸಿ, “ಮೊದ್ಲು ಡಾಕ್ಟ್ರಿಗೆ ತೋರ್ಸಿ. ಅವ್ರು ಕಾಯಿಲೆ ಅಂದ್ರೆ ಕಳ್ಸಿ, ನಾನು ತಡೆಯಲ್ಲ,” ಎಂದಳು. ಆಮೇಲೆ ಎರಡು ದಿನ ಮನೆಯಲ್ಲಿ ಯಂತ್ರವೊಂದೇ ಮಾತಾಡುತ್ತಿತ್ತು.

ಶನಿವಾರ ಚಿನ್ನಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರ ಬಳಿ ಹೋದೆವು. ಅವರು ಬೆಕ್ಕನ್ನು ನೋಡಿ, ನನ್ನ ಹಾಳೆಯನ್ನು ಎರಡು ಸಲ ಓದಿದರು.

“ಎಲ್ಲಾ ಆರರಿಂದ ಏಳರ ಒಳಗಿಂದೇ ಇದೆಯಲ್ರೀ. ಹಗಲು ಏನ್ ಮಾಡುತ್ತೆ?”

“ಗೊತ್ತಿಲ್ಲ. ನಾನು ಮನೇಲಿರಲ್ಲ.”

“ಮತ್ತೆ ಯಾರಿರ್ತಾರೆ?”

“ನಾನು,” ಎಂದಳು ಸುಮಿತ್ರಾ. “ದಿನವಿಡೀ ಬಟ್ಟೆ ಚೂರಿನ ಬುಟ್ಟೀಲಿ ಮಲಗಿರುತ್ತೆ. ನನ್ನನ್ನ ಯಾರೂ ಕೇಳ್ಲಿಲ್ಲ ಡಾಕ್ಟ್ರೇ.”

ಡಾಕ್ಟರು ನಗು ತಡೆದುಕೊಂಡು ವಿವರಿಸಿದರು. ಮುಂಜಾವು, ಮುಸ್ಸಂಜೆ ಬೆಕ್ಕಿಗೆ ಬೇಟೆಯ ಹೊತ್ತು. ಬೇಟೆ ಸಿಗದಿದ್ದರೆ ಹಿಮ್ಮಡಿಯೂ ಆದೀತು. ಕತ್ತಲಾದಂತೆ ಏರುವ ಹಾರ್ಮೋನೊಂದಿದೆ. ಹಗಲು ಉದ್ದವಾಯಿತೋ ಗಿಡ್ಡವಾಯಿತೋ ಎಂದು ಬೆಕ್ಕಿನ ಮೈಗೆ ತಿಳಿಸುವುದು ಅದೇ. ಒತ್ತಡದ ಹಾರ್ಮೋನಿನದು ಬೇರೆ ಕತೆ. ಮನುಷ್ಯರಲ್ಲಿ ಅದು ಬೆಳಿಗ್ಗೆ ಏರಿ ರಾತ್ರಿಗೆ ಇಳಿಯುತ್ತದೆ. ಬೆಕ್ಕು ಅಂಥ ವೇಳಾಪಟ್ಟಿಗೆ ಸಹಿ ಹಾಕಿದಂತಿಲ್ಲ. ಅದರ ಮೈಯಲ್ಲಿ ಹೊತ್ತು ಹೊತ್ತಿಗೂ ಏರಿಳಿತ, ಒಂದು ಬೆಕ್ಕಿನಂತೆ ಇನ್ನೊಂದಲ್ಲ. ರಕ್ತ ಪರೀಕ್ಷೆ ಮಾಡಿಸೋಣವೇ ಎಂದೆ, ಸೋಲಲು ಮನಸ್ಸಿಲ್ಲದೆ.

“ಈಗ ತೆಗೆದ್ರೆ ಬುಟ್ಟೀಲಿ ಕೂರಿಸಿ ತಂದ ಸಿಟ್ಟು ಸಿಗುತ್ತೆ ಮಾರಾಯ್ರೇ, ಅಷ್ಟೇ. ಬೆಕ್ಕು ಚೆನ್ನಾಗಿದೆ. ಸಂಜೆ ಒಂದು ದಾರದ ಉಂಡೆ ಎಳೆದಾಡ್ಸಿ.”

ಖಾದರ್ ಸಾಹೇಬರಿಗೆ ಫೋನು ಮಾಡಿ ಬೆಕ್ಕು ಕೊಡುವುದಿಲ್ಲವೆಂದೆ. “ಹೋಗ್ಲಿ ಬಿಡಿ, ನೀವೇ ಬನ್ನಿ. ಸುದ್ದಿ ಹಿಡಿಯೋರು ಇಲಿ ಹಿಡಿಯಲ್ವಾ?” ಎಂದರು. ನನ್ನ ಕಸುಬಿನ ಗುಣಮಟ್ಟ ಅವರಿಗೆ ಗೊತ್ತಿರಲಿಲ್ಲ. ಎಸ್ಟೇಟ್ ಮಾಲೀಕರ ಮೇಲೆ ದೂರು ಬಂದರೆ ಅವರ ಹೇಳಿಕೆಯಿಲ್ಲದೆ ಒಂದು ಸಾಲೂ ಕಳಿಸದ ನಾನು, ನನ್ನ ಮನೆಯೊಳಗೇ ಏಕಪಕ್ಷೀಯ ವರದಿ ಬರೆದು ಗಡೀಪಾರಿನ ಶಿಕ್ಷೆಯನ್ನೂ ಕೊಟ್ಟಿದ್ದೆ.

ಆ ಭಾನುವಾರ ಸುಮಿತ್ರಾಳ ಎದುರು ಕುಳಿತು, “ಹಗಲು ಏನಾಗುತ್ತೆ ಹೇಳು,” ಎಂದೆ. ಚಿನ್ನಿಯ ವಿಷಯ ಐದು ನಿಮಿಷಕ್ಕೆ ಮುಗಿಯಿತು. ಅವಳು ನಿಲ್ಲಿಸಲಿಲ್ಲ. ಹಿಂದಿನ ಮಳೆಗಾಲದಲ್ಲಿ ಯಂತ್ರದ ಸೂಜಿ ಬೆರಳಿಗೆ ಹೊಕ್ಕಿದ್ದನ್ನು ಹೇಳಿದಳು. ಅವಳ ಹತ್ತಿರ ಹೊಲಿಗೆ ಕಲಿತ ಇಬ್ಬರು ಆಲ್ದೂರಿನಲ್ಲಿ ಅಂಗಡಿ ತೆರೆದಿದ್ದಾರಂತೆ. ರಿಬ್ಬನ್ ಕತ್ತರಿಸಲು ಅವಳನ್ನೇ ಕರೆದಿದ್ದರಂತೆ.

“ನೀನು ಹೇಳ್ಲೇ ಇಲ್ಲವಲ್ಲ?”

“ನೀವು ಬರೋ ಹೊತ್ತಿಗೆ ಎಲ್ಲಾ ಮುಗಿದಿರುತ್ತಲ್ಲ,” ಎಂದು ಅವಳು ದಾರ ಕಚ್ಚಿ ತುಂಡರಿಸಿ, ಮುಂದಿನ ಕತೆ ಶುರು ಮಾಡಿದಳು.