ದಾರದ ದಾರಿ

ಬೀದಿ ಕೊನೆಯ ಟೈಲರ್ ಚಳಿಗಾಲದ ಪ್ರವಾಸವನ್ನೂ ಕೋಟು ಹೊಲಿದಂತೆಯೇ ಹೊಲಿಯುತ್ತಾರೆ. ಬೆಚ್ಚಗಿನ ಕರಾವಳಿಯುದ್ದಕ್ಕೂ ಸುತ್ತಲು ಅಳಿಯ ಕೊಟ್ಟ ಮನೆಗಾಡಿಯೊಳಗೆ, ಅಂದರೆ ಒಲೆ, ಸಿಂಕು, ಹಾಸಿಗೆ ಎಲ್ಲ ಇರುವ ವ್ಯಾನಿನೊಳಗೆ, ಟೇಪು ಹಿಡಿದು ನುಗ್ಗಿ ಮೂರು ಸಲ ಅಳೆದು, “ಸೊಂಟದ ಹತ್ರ ಸ್ವಲ್ಪ ಬಿಗಿ” ಎಂದು ತೀರ್ಪು ಕೊಟ್ಟರು. ದಿನಕ್ಕೆ ನೂರು ಕಿಲೋಮೀಟರಿಗಿಂತ ಹೆಚ್ಚು ಓಡಿಸುವುದಿಲ್ಲವಂತೆ. “ಒಳಗೆ ಒಂದಿಂಚು ಬಟ್ಟೆ ಬಿಟ್ಟಿರ್ಬೇಕು ಕಣಪ್ಪ, ನಾಳೆ ಬಿಚ್ಚಿ ದೊಡ್ಡದು ಮಾಡ್ಬೇಕು ಅನ್ಸಿದ್ರೆ?” ಫೋನಿನಲ್ಲೇ ನಕ್ಷೆ ಇದೆಯಲ್ಲ ಎಂದು ಅಳಿಯ ತಲೆ ಚಚ್ಚಿಕೊಂಡರೂ ಕೇಳದೆ, ಬಿಳಿ ಬಟ್ಟೆಯ ಮೇಲೆ ದಪ್ಪ ದಾರದಲ್ಲಿ ದಾರಿಯನ್ನು ಹೊಲಿದು, ತಂಗುವ ಜಾಗಕ್ಕೊಂದರಂತೆ ಗುಂಡಿ ಹಾಕಿದ್ದಾರೆ. ನಕ್ಕವರಿಗೆ, “ಗುಂಡಿ ಇಲ್ಲದ ರಸ್ತೆ ಎಲ್ಲಿದೆ ಹೇಳಿ?” ಎನ್ನುತ್ತಾರೆ. ಆದರೆ ಆ ನಕ್ಷೆ ಅವರಿಗಲ್ಲ. ಕಳೆದ ವರ್ಷ ದೃಷ್ಟಿ ಪೂರ್ತಿ ಹೋದ ಹೆಂಡತಿ ದಿನಾ ಸಂಜೆ ಅದರ ಮೇಲೆ ಬೆರಳಾಡಿಸುತ್ತಾ, ಒಂದೊಂದೇ ಗುಂಡಿಯಲ್ಲಿ ನಿಂತು, ಊರಿನ ಹೆಸರು ಕೇಳಿಕೊಂಡು ಮುಂದಕ್ಕೆ ಹೋಗುತ್ತಾರೆ. ನಿನ್ನೆ ಬೆರಳು ಕೊನೆಯ ಗುಂಡಿಯನ್ನೂ ದಾಟಿ, ಅಂಚಿಗೆ ಸೇರಿಸಿದ ಸ್ಯಾಟಿನ್ ತುಂಡಿನ ಮೇಲೆ ಜಾರಿತು. “ಇದೇನ್ರೀ, ಇಷ್ಟು ನುಣುಪು? ದಾರಾನೇ ಸಿಗ್ತಿಲ್ಲ?” ಟೈಲರ್ ಕತ್ತರಿ ಕೆಳಗಿಟ್ಟರು. “ಅದೇ ಕಣೇ, ಸಮುದ್ರ.”